ನೀಲಿ ಸ್ಕರ್ಟಿನ ಗೋಳು

ನಾನು ಒಂದು ಸ್ಕರ್ಟು. ಗದಗಿನ ಒಂದು ಕನ್ನಡ ಶಾಲೆಯ ಹುಡುಗಿಯರು ಹಾಕಿಕೊಳ್ಳುವ ಕಡುನೀಲಿ ಬಣ್ಣದ, ನೆರಿಗೆ ಹಿಡಿದ ಸ್ಕರ್ಟು. ಹುಟ್ಟಿದ್ದು ಬಟ್ಟೆ ಅಂಗಡಿಯ ಥಾನಿನಲ್ಲಿ, ರೂಪ ಪಡೆದದ್ದು ಟೇಲರ್ ಹುಸೇನಸಾಬರ ಮಷಿನ್ನಿನ ಕೆಳಗೆ. ಹುಸೇನಸಾಬರು ಒಳ್ಳೆಯ ಕೆಲಸಗಾರರು, ಅವರ ಮೇಲೆ ನನಗೆ ದೂರಿಲ್ಲ. ದೂರೆಲ್ಲ ಅಳತೆ ಕೊಡಲು ಬಂದ ಗಿರಿಜವ್ವನ ಮೇಲೆ.

"ಮಾಸ್ತರ, ಬೆಳಿಯೂ ಹುಡುಗಿ ಐತಿ. ದೊಡ್ಡದಾಗೇ ಹೊಲೀರಿ."

ಈ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ದೊಡ್ಡದಾಗಿ ಹೊಲಿದರೆ ಹುಡುಗಿಯ ಹಿಮ್ಮಡಿಗೆ ತಾಗುತ್ತದೆ, ಹಾಗಾಗಿ ಒಳಗೆ ಮಡಿಚಬೇಕು. ಒಂದು ಸಲವಲ್ಲ, ಮಡಿಕೆಯ ಮೇಲೆ ಮಡಿಕೆ. ಅರ್ಧ ಸ್ಕರ್ಟು ಬಿಸಿಲಲ್ಲಿ ಮೆರೆಯಬೇಕು, ಉಳಿದರ್ಧ ಕತ್ತಲಲ್ಲಿ ಕೊಳೆಯಬೇಕು. ಹುಟ್ಟಿದ ದಿನವೇ ನನ್ನ ಹಣೆಬರಹ ಹೀಗೆ ನಿಂತಿತು.

ನನ್ನ ಮೊದಲ ಒಡತಿ ಗಿರಿಜವ್ವನ ಹಿರಿಮಗಳು ನಾಗರತ್ನಾ. ಅವಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅದೇ ದೊಡ್ಡ ಬೇಜಾರು. ಕೂಡುವ ಮೊದಲು ಬೆಂಚು ಒರೆಸುವವಳು, ಸಂಜೆ ನನ್ನ ನೆರಿಗೆ ಕೂಡಿಸಿ ಹಾಸಿಗೆಯ ಕೆಳಗೆ ಇಡುವವಳು. ನನ್ನ ಮೇಲೆ ಅವಳಿದ್ದಾಗ ಒಂದು ತೊಟ್ಟು ಮಸಿ ಬಿದ್ದದ್ದು ನೆನಪಿಲ್ಲ. ಸುಖವೋ ಸುಖ. ಆದರೆ ಸುಖಕ್ಕೆ ಆಯುಷ್ಯ ಕಡಿಮೆ. ರತ್ನಾ ಹೈಸ್ಕೂಲಿಗೆ ಹೋಗಿ ಚೂಡಿದಾರ ಹಾಕಿಕೊಂಡಳು, ನಾನು ಅವಳ ತಂಗಿ ದಾಕ್ಷಾಯಣಿಯ ಸೊಂಟಕ್ಕೆ ಬಂದೆ.

ದಾಕ್ಷಿ! ಅಯ್ಯೋ ನನ್ನ ಶಿವನೆ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಮಾಡುತ್ತಾರಲ್ಲ ಚಿಗಳಿ, ಅದನ್ನು ಹುಡುಗಿಯರು ಕಡ್ಡಿಗೆ ಸಿಕ್ಕಿಸಿ ಚೀಪುತ್ತಾರೆ. ಇವಳು ಕಡ್ಡಿಯೂ ಇಲ್ಲದೆ, ಕಾಗದವೂ ಇಲ್ಲದೆ ನೇರ ನನ್ನ ಕಿಸೆಗೆ ಹಾಕುತ್ತಿದ್ದಳು. ಪಾಠದ ನಡುವೆ ಕೈ ಹಾಕಿ ಚಿವುಟುವುದು, ಚೀಪುವುದು, ಬೆರಳು ನನಗೇ ಒರೆಸುವುದು. ಆ ಚಿಗಳಿ ಕುಟ್ಟಿ ಕೊಡುತ್ತಿದ್ದವಳು ಎರಡು ಮನೆ ಆಚೆಯ ಕಸ್ತೂರಿ. ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು, ಖೋ ಖೋ ಆಟದಲ್ಲಿ ಅಕ್ಕಪಕ್ಕದ ಜಾಗ. ಬಾಯಿ ಮಾತ್ರ ಬೇರೆ ಬೇರೆ. ದಾಕ್ಷಿಗೆ ಬಾಯಿ ತಿನ್ನಲು, ಕಸ್ತೂರಿಗೆ ಬಾಯಿ ಮಾತಾಡಲು.

ದಾಕ್ಷಿ ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚಿದರು. ಆಮೇಲೆ ನೋಡಿ ನನ್ನ ಚಂದ. ಮೇಲೆ ತೊಳೆದು ತೊಳೆದು ಬೂದಿಯಾದ ನೀಲಿ, ಅದರ ಕೆಳಗೆ ಸ್ವಲ್ಪ ಗಾಢ ಪಟ್ಟಿ, ತುದಿಗೆ ಅಂಗಡಿಯಿಂದ ಈಗ ತಂದಂಥ ಕಡುನೀಲಿ ಪಟ್ಟಿ. ದಾಕ್ಷಿಗೆ ನಾಚಿಕೆ. ಕಸ್ತೂರಿಗೆ ಉಪಾಯ. ಪೆನ್ನಿನ ಮಸಿ ನೀರಿಗೆ ಬೆರೆಸಿ ನನ್ನ ಬೂದಿ ಭಾಗಕ್ಕೆಲ್ಲ ಬಳಿದಳು. ಮಾರನೇ ದಿನ ಪ್ರಾರ್ಥನೆಗೆ ನಿಂತಾಗ ಸಣ್ಣ ಮಳೆ ಬಂತು, ದಾಕ್ಷಿಯ ಎರಡೂ ಕಾಲು ನೀಲಿ ಆಗಿ ಬೂಟಿನೊಳಗೆ ಮಸಿ ಇಳಿಯಿತು. ಇಂಥ ಉಪಾಯಗಾತಿಯರ ಕೈಗೆ ಸಿಕ್ಕಿ ನಾನು ಏಳನೇ ಇಯತ್ತೆ ಮುಟ್ಟಿದೆ.

ಏಳನೇ ಇಯತ್ತೆಯಲ್ಲಿ ನನ್ನ ಒಳಗಿನ ಮಡಿಕೆ ಮುಗಿಯಿತು. ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ. ದಾಕ್ಷಿ ಮಾತ್ರ ನಿಲ್ಲಲಿಲ್ಲ, ಬೆಳೆಯುತ್ತಲೇ ಹೋದಳು. ನಾನು ಮೊಣಕಾಲಿನ ಮೇಲೆ ಹೋದೆ. ಹೊಸದು ಹೊಲಿಸಿರಿ ಎಂದರೆ ಗಿರಿಜವ್ವನದು ಒಂದೇ ಉತ್ತರ: "ಇನ್ನೆರಡ ತಿಂಗಳಿಗೆ ವರ್ಷ ಮುಗೀತೈತಿ. ಎಂಟನೇತ್ತಕ್ಕ ಹೆಂಗೂ ಚೂಡಿದಾರ. ಸುಮ್ನ ಹಾಕ್ಕೋ." ಅವಳು ಅಂಗನವಾಡಿ ಟೀಚರು, ಇಡೀ ದಿನ ಊರ ಮಕ್ಕಳ ಮೂಗು ಒರೆಸಿ ಬರುವವಳು. ಮನೆಗೆ ಬಂದ ಮೇಲೆ ವಾದ ಮಾಡುವ ತ್ರಾಣ ಅವಳಿಗೆ ಇರುತ್ತಿರಲಿಲ್ಲ.

ಆ ವರ್ಷ ನಮ್ಮ ಶಾಲೆಯ ಹುಡುಗಿಯರು ಮೊದಲ ಸಲ ತಾಲೂಕಿನ ಖೋ ಖೋ ಫೈನಲ್ಲಿಗೆ ಬಂದಿದ್ದರು. ಶನಿವಾರ ಪಂದ್ಯ. ದಾಕ್ಷಿಗೆ ಊಟ ಬೇಡ, ನಿದ್ದೆ ಬೇಡ, ಅದೊಂದೇ ಧ್ಯಾನ. ತಾನು ಮತ್ತು ಕಸ್ತೂರಿ ಗೆದ್ದ ಕಪ್ಪು ಹಿಡಿದು ಓಣಿಯಲ್ಲಿ ಬರಬೇಕು, ಅಷ್ಟೇ. ಆದರೆ ಪಿ.ಟಿ. ಸರು ನನ್ನನ್ನು ನೋಡಿ ಮುಖ ಸಿಂಡರಿಸಿದರು. "ಈ ಸ್ಕರ್ಟ್ ಭಾಳ ಗಿಡ್ಡ ಆತು. ಮನ್ಯಾಗ ಹೇಳಿ ಹೊಸಾದು ಹೊಲಸ್ಕೋ" ಎಂದರು. ದಾಕ್ಷಿಗೆ ಹೇಳುವ ಧೈರ್ಯವಿಲ್ಲ. "ನಾ ಹೇಳತೇನಿ ಬಿಡು" ಎಂದಳು ಕಸ್ತೂರಿ. ಅಲ್ಲಿಗೆ ಶನಿ ಹೆಗಲೇರಿತು.

ಗುರುವಾರ ಸಂಜೆ. ದಾಕ್ಷಿ ಬಟ್ಟೆ ಬದಲಿಸಿ ಜೋಳ ಹೊತ್ತು ಗಿರಣಿಗೆ ಹೋಗಿದ್ದಳು. ಗಿರಿಜವ್ವ ಇನ್ನೂ ಬಂದಿರಲಿಲ್ಲ. ನಾನು ಗೂಟಕ್ಕೆ ತೂಗುತ್ತಿದ್ದೆ. ದಾಕ್ಷಿಯ ಅಜ್ಜಿ, ಮನೆಯವರೆಲ್ಲ ಆಯಿ ಎಂದು ಕರೆಯುವ ಮುದುಕಿ, ಹೊಸ್ತಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ಕಸ್ತೂರಿ ಬಾಗಿಲಿಗೆ ಬಂದು ನಿಂತು, ಸೊಂಟದ ಮೇಲೆ ಕೈ ಇಟ್ಟು, ದೊಡ್ಡ ವಕೀಲೆಯಂತೆ ಶುರು ಮಾಡಿದಳು.

"ಆಯೀ, ನಿಮ್ಮ ದಾಕ್ಷಿ ದೊಡ್ಡಾಕಿ ಆಗ್ಯಾಳ್ರೀ! ನಿಮಗ ಯಾರಿಗೂ ಲಕ್ಷ್ಯನ ಇಲ್ಲಲ್ರೀ!"

ನಮ್ಮ ಕಡೆ 'ದೊಡ್ಡಾಕಿ ಆದಳು' ಎಂದರೆ ಎತ್ತರವಾದಳು ಎಂದಲ್ಲ. ಹುಡುಗಿ ಮೈನೆರೆದಳು ಎಂದು ಅರ್ಥ. ಇದು ಹಾಲು ಹಲ್ಲಿನ ಕೂಸಿಗೂ ಗೊತ್ತು. ಕಸ್ತೂರಿಗೂ ಗೊತ್ತು, ಆದರೆ ಅವಳ ಬಾಯಿ ಯಾವತ್ತೂ ತಲೆಗಿಂತ ನಾಲ್ಕು ಹೆಜ್ಜೆ ಮುಂದೆ.

ಆಯಿಯ ಕೈ ಮೊರದ ಮೇಲೆ ನಿಂತಿತು. "ಏನಂದಿ? ಯಾವಾಗ?"

"ಯಾವಾಗೋ ಆಗ್ಯಾಳ್ರೀ. ಸಾಲ್ಯಾಗ ಎಲ್ಲಾರಿಗೂ ಕಾಣಾಕತ್ತೈತಿ. ಪಿ.ಟಿ. ಸರೂ ಅಂದ್ರು."

"ಅಯ್ಯ ಶಿವನ! ಪಿ.ಟಿ. ಸರಿಗೂ ಗೊತ್ತಾತ?"

"ಹೂನ್ರೀ. ಹಿಂಗ ಬಿಟ್ರ ಚಲೋ ಅಲ್ಲ, ಮನ್ಯಾಗ ಹೇಳಿ ಹೊಸಾದು ತರಸ್ರಿ ಅಂದ್ರು."

"ತರಸೂಣವಾ, ಸೀರೀನ ತರಸೂಣು" ಎಂದಳು ಆಯಿ, ಕಣ್ಣಲ್ಲಿ ನೀರು ತಂದುಕೊಂಡು. ಸ್ಕರ್ಟು ಕೇಳಿದರೆ ಸೀರೆ ಯಾಕೆ ಎಂದು ಕಸ್ತೂರಿ ಒಂದು ಗಳಿಗೆಯಾದರೂ ಯೋಚನೆ ಮಾಡಬೇಕೋ ಬೇಡವೋ? ಕೆಲಸ ಆಯಿತೆಂದು ಕುಣಿಯುತ್ತ ಹೋಗಿಬಿಟ್ಟಳು.

ಆಯಿ ಎದ್ದವಳೇ ಎದುರು ಮನೆಯ ನೀಲಕ್ಕನನ್ನು ಕೂಗಿದಳು. ನೀಲಕ್ಕನಿಗೆ ಹೇಳಿದರೆ ಡಂಗುರ ಸಾರುವ ಖರ್ಚು ಉಳಿಯಿತು ಎಂದು ನಮ್ಮ ಓಣಿಯಲ್ಲಿ ಗಾದೆ. ದಾಕ್ಷಿ ತಲೆಯ ಮೇಲೆ ಹಿಟ್ಟಿನ ಬುಟ್ಟಿ ಹೊತ್ತು, ಹುಬ್ಬಿನವರೆಗೂ ಹಿಟ್ಟು ಬಡಿದುಕೊಂಡು ಒಳಗೆ ಬಂದಾಗ ಪಡಸಾಲೆಯ ತುಂಬ ಹೆಂಗಸರು. ಮಣೆ ಹಾಕಿತ್ತು. ಆರತಿ ತಟ್ಟೆ ತಯಾರಿತ್ತು. ಬುಟ್ಟಿ ಇಳಿಸಿಕೊಂಡು, ಹಿಟ್ಟಿನ ಮುಖವನ್ನೂ ಒರೆಸದೆ ಅವಳಿಗೆ ಸೀರೆ ಸುತ್ತಿ ಕೂಡಿಸಿದರು. ಬಾಯಿಗೆ ಕೊಬ್ಬರಿ ಬೆಲ್ಲ ತುರುಕಿದರು.

"ನನಗೇನೂ ಆಗಿಲ್ಲ ಬೇ ಆಯೀ!" ದಾಕ್ಷಿ ಕೊಬ್ಬರಿಯ ನಡುವೆಯೇ ಚೀರಿದಳು.

"ನಾಚತೈತಿ ಕೂಸು" ಎಂದಳು ನೀಲಕ್ಕ. "ಎಲ್ಲಾರೂ ಹಿಂಗ ಅಂತಾರ. ನಾನೂ ಹಿಂಗ ಅಂದಿದ್ದೆ."

ನಾನು ಅದೇ ಪಡಸಾಲೆಯ ಗೋಡೆಗೆ ತೂಗುತ್ತಿದ್ದೆ ಸ್ವಾಮಿ! ಬೆಳಗಿನಿಂದ ಸಂಜೆಯವರೆಗೆ ಆ ಹುಡುಗಿಯ ಸೊಂಟಕ್ಕೆ ಅಂಟಿಕೊಂಡಿದ್ದದ್ದು ನಾನು. ಆದದ್ದು ಏನು, ಆಗದ್ದು ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ಜನ ತಿಳಿದ ಹೆಂಗಸರಲ್ಲಿ ಒಬ್ಬರಾದರೂ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ಹಾಡು ಬೇರೆ ಶುರು ಮಾಡಿದರು.

ಆರತಿ ಆದ ಮೇಲೆ ಆಯಿ ಕಣ್ಣೊರೆಸಿಕೊಂಡು ಅಪ್ಪಣೆ ಕೊಟ್ಟಳು. "ಇನ್ನ ಹುಡುಗರಂಗ ಓಡೂದು ಜಿಗಿಯೂದು ಸಾಕು. ಖೋ ಖೋ ಗೀಕೋ ಬಂದ್."

ದಾಕ್ಷಿ ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದಳು. ಈ ಮಾತಿಗೆ ಅತ್ತುಬಿಟ್ಟಳು. ಹಿಟ್ಟಿನ ಮುಖದ ಮೇಲೆ ಕಣ್ಣೀರು ಹರಿದು ಅಂಟಾಯಿತು. ಹೆಂಗಸರು ಅದನ್ನೂ ನಾಚಿಕೆ ಎಂದೇ ಲೆಕ್ಕಕ್ಕೆ ಹಿಡಿದು, ಮೈನೆರೆದವಳಿಗೆ ತಿನ್ನಿಸುವ ಉಂಡಿ ಕಟ್ಟಲು ಅಂಟು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಮಾತಾಡುತ್ತ ಮನೆಗೆ ಹೋದರು.

ಗಿರಿಜವ್ವ ಬಂದಳು. ಸೀರೆಯ ಗಂಟಿನೊಳಗಿಂದ ಬಿಕ್ಕುವ ಮಗಳನ್ನು ನೋಡಿದಳು. ಅತ್ತೆಯ ಮಾತು ಕೇಳಿದಳು, ಮಗಳ ಮಾತು ಕೇಳಿದಳು. ಆಮೇಲೆ, ಕೊನೆಗೂ, ಆ ಮನೆಯಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ ಎಂದು ತೋರಿಸಿದಳು. ಗೂಟದಿಂದ ನನ್ನನ್ನು ಇಳಿಸಿ, ದೀಪದ ಕೆಳಗೆ ಒಳಗು ಹೊರಗು ತಿರುವಿ ನೋಡಿದಳು. ಕಲೆ ಇರಲಿಲ್ಲ ಅಂತಲ್ಲ. ಇದ್ದವೆಲ್ಲ ಚಿಗಳಿ, ಮಸಿ, ಮೈದಾನದ ಮಣ್ಣು.

"ಅತ್ತೀ, ಏನೂ ಆಗಿಲ್ರಿ ಈಕಿಗೆ."

ಆಯಿ ತಡಬಡಿಸಲಿಲ್ಲ. "ಆಗಿಲ್ಲಂದ್ರ ಏನಾತು? ಇವತ್ತಿಲ್ಲ ನಾಳೆ ಆಗೂದ ಐತಿ. ಓಣಿ ಮಂದಿ ಬಂದು ಆರತಿ ಮಾಡಿ ಹೋಗ್ಯಾರ. ನಿಮ್ಮಣ್ಣಗ ಫೋನೂ ಮಾಡೀವಿ, ಸೀರಿ ತರಾಕತ್ತಾನ. ಈಗ ಆಗಿಲ್ಲ ಅಂದ್ರ ನನ್ನ ಮಾರಿ ಎಲ್ಲಿಡಲಿ? ಆತು ಅಂತನ ಇರಲಿ ಬಿಡು."

"ಮತ್ತ ಶನಿವಾರದ ಆಟ?" ದಾಕ್ಷಿ ಕೇಳಿದಳು, ಅವ್ವನ ಮುಖ ನೋಡುತ್ತ.

ಅತ್ತೆಯ ಮಾತಿಗೆ ಎದುರಾಡಿ ಗಿರಿಜವ್ವನಿಗೆ ರೂಢಿಯಿಲ್ಲ. ನನ್ನನ್ನು ಹಿಡಿದ ಅವಳ ಕೈ ಬಿಗಿಯಾಯಿತು, ನನ್ನ ನೆರಿಗೆಯೆಲ್ಲ ಮುದುಡಿತು. ಮರುಗಳಿಗೆಯೇ ನನ್ನನ್ನು ಹಿಡಿದುಕೊಂಡೇ ಹೊಸ್ತಿಲು ದಾಟಿ, ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಕೇಳ್ರವಾ ಎಲ್ಲಾರೂ! ನಮ್ಮ ದಾಕ್ಷಿ ಉದ್ದ ಆಗ್ಯಾಳ, ದೊಡ್ಡಾಕಿ ಆಗಿಲ್ಲ! ತಿಂದ ಕೊಬ್ಬರಿ ಅರಗಿಸ್ಕೋರಿ! ಆದಾಗ ಹೇಳತೇವಿ!"

ಸಾಕ್ಷಿಗೆ ನನ್ನನ್ನು ಬಾವುಟದಂತೆ ಬೇರೆ ಬೀಸಿದಳು. ಒಳಗೆ ದಾಕ್ಷಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಅವ್ವಾ, ಸಾಕ ಮಾಡ ಬೇ" ಎಂದು ನರಳುತ್ತಿದ್ದಳು. ಸುಳ್ಳು ಸುದ್ದಿ ಹಬ್ಬಿದಾಗ ಆದ ನಾಚಿಕೆಗಿಂತ ನಿಜ ಹೊರಬಿದ್ದಾಗ ಆದದ್ದೇ ಹೆಚ್ಚು. ಬಾಗಿಲು ಬಾಗಿಲಲ್ಲಿ ಜನ ನಗುತ್ತಿದ್ದರು.

ಆಯಿ ಸೋಲು ಒಪ್ಪುವವಳಲ್ಲ. ಮೊಣಕಾಲು ಕಾಣುವ ಸ್ಕರ್ಟಿನಲ್ಲಿ ಆಟ ಬೇಡ ಎಂದು ಹೊಸ ಹಟ ಹಿಡಿದಳು. ಬಸ್ ಓಡಿಸುವ ತನ್ನ ಗಂಡನ ಹಳೆಯ ಖಾಕಿ ಪ್ಯಾಂಟು ಕತ್ತರಿಸಿ ಗಿರಿಜವ್ವ ಮೊಣಕಾಲಿನ ಕೆಳಗೆ ಬರುವಂಥ ಒಂದು ಚಡ್ಡಿ ಹೊಲಿದಳು. ಅದನ್ನು ಒಳಗೆ ಹಾಕಿಕೊಂಡು ಮೇಲೆ ನನ್ನನ್ನು ಹಾಕಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಸೋದರಮಾವ ತಂದ ಸೀರೆಯನ್ನು ಆಯಿ ಟ್ರಂಕಿನಲ್ಲಿ ಇಟ್ಟಳು, ಮುಂದೆ ಬೇಕಾಗುತ್ತದೆ ಎಂದು.

ಅಂತೂ ದಾಕ್ಷಿ ಆಡುವುದು ನಿಶ್ಚಯವಾಯಿತು. ಆದರೆ ಯಾರ ಜೊತೆ? ಶುಕ್ರವಾರ ಬೆಳಗ್ಗೆ ಶಾಲೆಯ ಗೇಟಿನಲ್ಲಿ ಕಸ್ತೂರಿ ಹಲ್ಲು ಕಿರಿದು, "ಹೊಸಾ ಸ್ಕರ್ಟ್ ಬಂತೇನ?" ಎಂದಳು. ದಾಕ್ಷಿ ಗೇಟಿನಲ್ಲೇ ಸಿಡಿದಳು.

"ನಿನ್ನ ಬಾಯಿಗೆ ಹುಸೇನಸಾಬರ ಕಡೆ ಹೊಲಿಗಿ ಹಾಕಸಬೇಕು! ಇಡೀ ಓಣಿ ನನ್ನ ನೋಡಿ ನಗಾಕತ್ತೈತಿ!"

"ನಾ ನಿನ್ನ ಸಲುವಾಗಿ ಹೇಳಾಕ ಹೋದ್ರ..."

"ಟೂ! ಇನ್ನ ಜನ್ಮದಾಗ ನಿನ್ನ ಮಾತಾಡಸಂಗಿಲ್ಲ."

ಟೂ ಎಂದರೆ ಟೂ. ಬೆಂಚಿನ ನಡುವೆ ಚೀಲ ಅಡ್ಡ ಇಟ್ಟಳು. ನನ್ನ ಕಿಸೆಗೆ ಆವತ್ತು ಚಿಗಳಿ ಬೀಳಲಿಲ್ಲ. ಸ್ವಚ್ಛ ಇದ್ದೆನಲ್ಲ, ಖುಷಿಯಾಗಬೇಕಿತ್ತು. ಆಗಲಿಲ್ಲ. ದಾಕ್ಷಿ ಮತ್ತೆ ಮತ್ತೆ ಖಾಲಿ ಕಿಸೆಗೆ ಕೈ ಹಾಕಿ ತೆಗೆಯುತ್ತಿದ್ದಳು, ಅದನ್ನು ನೋಡಿ ನನಗೇ ಸಂಕಟವಾಯಿತು.

ಆವತ್ತು ಸಂಜೆ ಅವಳಿಗೆ ಒಂದು ಧರ್ಮಸಂಕಟ. ಖೋ ಖೋದಲ್ಲಿ ಓಡುವವಳು ಕೂತವಳ ಬೆನ್ನು ಮುಟ್ಟಿ 'ಖೋ' ಎಂದು ಕೂಗಿದರೆ ಮಾತ್ರ ಅವಳು ಏಳಬಹುದು. ಟೂ ಬಿಟ್ಟವಳಿಗೆ 'ಖೋ' ಎಂದರೆ ಮಾತಾಡಿದ ಹಾಗೆ ಆಗುತ್ತದೋ ಇಲ್ಲವೋ? ರತ್ನಾಳನ್ನು ಕೇಳಿದಳು. ಕಾಲೇಜಿನ ಪುಸ್ತಕದಿಂದ ತಲೆ ಎತ್ತದೆ ರತ್ನಾ, "ಖೋ ಅನ್ನೂದು ಮಾತಲ್ಲ, ನಿಯಮ" ಎಂದಳು. ದಾಕ್ಷಿಗೆ ಸಮಾಧಾನವಾಗಲಿಲ್ಲ.

ಶನಿವಾರ ಬೇರೊಂದು ಶಾಲೆಯ ಮೈದಾನದಲ್ಲಿ ಪಂದ್ಯ. ದಾಕ್ಷಿ ಗಾಳಿಯಂತೆ ಓಡಿದಳು, ನಾನು ಅವಳ ಸೊಂಟದಲ್ಲಿ ಪಟಪಟ ಬಡಿದುಕೊಂಡೆ. ಎದುರು ತಂಡದವಳು ಕಸ್ತೂರಿಯ ಮುಂದೆಯೇ ಹಾದುಹೋದಳು. ಒಂದು ಖೋ ಕೊಟ್ಟಿದ್ದರೆ ಸಿಕ್ಕಿಬಿಡುತ್ತಿದ್ದಳು. ದಾಕ್ಷಿ ಕಸ್ತೂರಿಯ ಬೆನ್ನಿಗೆ ಕೈ ಒತ್ತಿದಳು, ಬಾಯಿ ಮಾತ್ರ ಬಿಗಿಹಿಡಿದಳು. ಕಸ್ತೂರಿ ಎದ್ದು ಓಡಿ ಹಿಡಿದಳು. ಪಂಚರು ಸೀಟಿ ಊದಿ ಫೌಲ್ ಎಂದರು.

"ಏ ದಾಕ್ಷಾಯಣೀ, ಬಾಯಾಗ ಏನ ಉಂಡಿ ಇಟ್ಕೊಂಡಿ?" ಪಿ.ಟಿ. ಸರು ತಲೆ ತಲೆ ಬಡಿದುಕೊಂಡರು. ನಾನೂ ಬಡಿದುಕೊಳ್ಳುತ್ತಿದ್ದೆ, ತಲೆ ಇದ್ದಿದ್ದರೆ.

ವಿರಾಮದಲ್ಲಿ ಎಲ್ಲರೂ ನಿಂಬೆಹುಳಿ ಪಾನಕಕ್ಕೆ ಓಡಿದರು. ಕಸ್ತೂರಿ ಮಾತ್ರ ಕೊಠಡಿಯ ಗೋಡೆಗೆ ಬೆನ್ನು ಕೊಟ್ಟು ಕೂತವಳು ಏಳಲೇ ಇಲ್ಲ. ದಾಕ್ಷಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ, ಮುಖ ಬೇರೆ ಕಡೆ ತಿರುಗಿಸಿ, ಗಾಳಿಗೆ ಹೇಳಿದಂತೆ, "ಕೆಲವೊಬ್ಬರಿಗೆ ಪಾನಕ ಬ್ಯಾಡಂತ ಕಾಣತೈತಿ" ಎಂದಳು.

ಕಸ್ತೂರಿಯೂ ಗಾಳಿಗೇ ಉತ್ತರ ಕೊಟ್ಟಳು. "ಕೆಲವೊಬ್ಬರಿಗೆ ಏಳಾಕ ಬರಂಗಿಲ್ಲ." ಅಷ್ಟು ಹೇಳಿ ಅಳಲು ಶುರು ಮಾಡಿದಳು. "ದಾಕ್ಷೀ, ನನ್ನ ಸ್ಕರ್ಟ್... ಹಿಂದ... ನನಗ ಖರೇನ ಆಗೈತಿ. ಯಾರಿಗೂ ಹೇಳಬ್ಯಾಡ ಬೇ. ನೀಲಕ್ಕಗ ಗೊತ್ತಾದ್ರ ನಾ ಸತ್ತ ಹೋಗತೇನಿ."

ತಂಡದಲ್ಲೇ ಗಿಡ್ಡವಳು ಅವಳು. ಅವಳ ಸ್ಕರ್ಟಿನ ಮಡಿಕೆಗಳು ಇನ್ನೂ ಬಿಚ್ಚಿರಲಿಲ್ಲ. ಇವಳಿಗೆ ಮೊದಲು ಆಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ದಾಕ್ಷಿ ಈಗ ಬಾಯಿ ತೆರೆದು ಒಂದು ಮಾತು ಕೂಗಿದ್ದರೆ ಸಾಕಿತ್ತು, ಗುರುವಾರದ ಲೆಕ್ಕ ಬಡ್ಡಿಸಮೇತ ಚುಕ್ತಾ ಆಗುತ್ತಿತ್ತು. ಕೂಗುತ್ತಾಳೆ ಎಂದೇ ನಾನೂ ಅಂದುಕೊಂಡೆ. ಅವಳು ನೇರ ಸ್ಕೋರು ಬರೆಯುವ ಟೀಚರ ಬಳಿ ಹೋದಳು. ಗುರುತು ಪರಿಚಯ ಇಲ್ಲದ ಟೀಚರು. ದಾಕ್ಷಿಯ ಕೈ ನನ್ನ ಕಿಸೆಯೊಳಗೆ ಮುಷ್ಟಿಯಾಗಿತ್ತು.

"ಟೀಚರ್" ಎಂದಳು. "ನಾ... ನಾ ದೊಡ್ಡಾಕಿ ಆಗೇನ್ರೀ. ಏನರ ಕೊಡ್ರೀ."

ಯಾವ ಮಾತಿಗೆ ಇಡೀ ಓಣಿಯ ಮುಂದೆ ಅತ್ತು ಅಲ್ಲ ಅಲ್ಲ ಎಂದಿದ್ದಳೋ, ಅದೇ ಮಾತನ್ನು ತಾನೇ ಹೇಳಿದಳು. ಟೀಚರು ಅವಳ ತಲೆ ಸವರಿ, ಚೀಲದಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತೆಗೆದು ಕೊಟ್ಟು, ಹೇಗೆ ಏನು ಎಂದೆಲ್ಲ ಕಿವಿಯಲ್ಲಿ ಹೇಳಿದರು. ದಾಕ್ಷಿ ಶ್ರದ್ಧೆಯಿಂದ ಕೇಳಿಸಿಕೊಂಡು, ಹಾಗೇ ಕಸ್ತೂರಿಗೆ ಒಪ್ಪಿಸಿದಳು. ಆಮೇಲೆ ಕೊಠಡಿಯ ಹಿಂದೆ ನನ್ನ ಹುಕ್ಕು ಬಿಚ್ಚಿದಳು.

"ತಗೋ, ಹಾಕ್ಕೋ."

"ಮತ್ತ ನೀನು?"

"ನನಗ ಅಪ್ಪನ ಚಡ್ಡಿ ಐತಲ್ಲ."

ಕಸ್ತೂರಿಯ ಸ್ಕರ್ಟು ಚೀಲದ ತಳ ಸೇರಿತು, ನಾನು ಅವಳ ಮೈಮೇಲೆ ಬಂದೆ. ಮೊಣಕಾಲು ದಾಟಿ ಕೆಳಗೆ ಇಳಿದೆ. ಎಷ್ಟೋ ತಿಂಗಳ ಮೇಲೆ ಒಬ್ಬಳ ಮಾನ ಪೂರ್ತಿ ಮುಚ್ಚಿದೆ. ಹೊಟ್ಟೆನೋವೆಂದು ಕಸ್ತೂರಿ ಆಟಕ್ಕೆ ಇಳಿಯಲಿಲ್ಲ, ನಾವಿಬ್ಬರೂ ಕಟ್ಟೆಯ ಮೇಲೆ ಕೂತು ನೋಡಿದೆವು. ದಾಕ್ಷಿ ಖಾಕಿ ಚಡ್ಡಿಯಲ್ಲಿ ಮೈದಾನದ ತುಂಬ ಓಡಿದಳು. ಗಂಟಲು ಹರಿಯುವ ಹಾಗೆ ಖೋ ಖೋ ಎಂದಳು. ಆದರೂ ಸೋತರು. ಆ ಒಂದು ಫೌಲು ಇಲ್ಲದಿದ್ದರೆ ಗೆಲ್ಲುತ್ತಿದ್ದರು ಎಂದು ಪಿ.ಟಿ. ಸರು ದಾರಿಯುದ್ದಕ್ಕೂ ಹೇಳಿದರು.

ಓಣಿಯ ತಿರುವಿನಲ್ಲಿ ಕಸ್ತೂರಿಯ ಕಾಲು ಹಿಂದೆ ಸರಿದವು. ಸಂಜೆಯ ಹೊತ್ತು, ಕಟ್ಟೆಗಳ ಮೇಲೆಲ್ಲ ಹೆಂಗಸರು. "ನನ್ನ ನೋಡಿದ್ರ ಗೊತ್ತಾಗತೈತಿ ದಾಕ್ಷಿ."

"ಹುಚ್ಚಿ! ನಾ ಹಿಂಗ ಬಂದ್ರ ನಿನ್ನ ಯಾವಾಕಿ ನೋಡತಾಳ? ನಡಿ."

ದಾಕ್ಷಿ ಮುಂದೆ ನಡೆದಳು. ಎದೆ ಸೆಟೆಸಿ, ಅಪ್ಪನ ಖಾಕಿ ಚಡ್ಡಿಯಲ್ಲಿ, ಓಣಿಯ ನಟ್ಟನಡುವೆ. ಕಟ್ಟೆಗಳ ಮೇಲೆ ಮಾತು ನಿಂತಿತು. ನೀಲಕ್ಕನ ಕೈಯ ಚಹಾ ಸೆರಗಿಗೆ ಚೆಲ್ಲಿತು. ಕಸ್ತೂರಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಬಂದಳು. ಒಂದು ಕಣ್ಣೂ ಅವಳ ಕಡೆ ತಿರುಗಲಿಲ್ಲ.

"ಎಲ್ಲೈತೆ ಸ್ಕರ್ಟು?" ಆಯಿ ಹೊಸ್ತಿಲಲ್ಲೇ ಗುಡುಗಿದಳು.

"ಹರದ ಹೋತು. ತಿಪ್ಪಿಗೆ ಒಗದ ಬಂದೆ."

"ಒಗದ ಬಂದಿ? ಚಡ್ಡಿ ಮ್ಯಾಲ ಊರಾಗ ಮೆರವಣಿಗಿ ಬಂದಿ? ಮಾನ ಮರ್ಯಾದಿ ಐತೇನ?" ಬೆನ್ನಿಗೆ ಎರಡು ಗುದ್ದು ಬಿದ್ದವು. ಕಸ್ತೂರಿ ಏನೋ ಹೇಳಲು ಬಾಯಿ ತೆರೆದಳು. ದಾಕ್ಷಿ ಅವಳ ಕಾಲು ತುಳಿದಳು.

ಒಳಗಿನಿಂದ ಗಿರಿಜವ್ವ ಬಂದಳು. ಅವಳ ಕಣ್ಣು ನೇರ ನನ್ನ ಮೇಲೆ ಬಿತ್ತು. ಮೊನ್ನೆ ದೀಪದ ಕೆಳಗೆ ನನ್ನನ್ನು ತಿರುವಿ ನೋಡಿದವಳು, ನನ್ನ ಪಟ್ಟಿಗಳನ್ನು ಮರೆಯುತ್ತಾಳೆಯೇ? ನನ್ನನ್ನು ನೋಡಿದಳು, ನನ್ನ ಮೇಲಿನ ಕಸ್ತೂರಿಯ ಬಾಡಿದ ಮುಖ ನೋಡಿದಳು, ಅತ್ತೆಯ ಏಟು ತಿನ್ನುತ್ತಿರುವ ಮಗಳನ್ನು ನೋಡಿದಳು. "ಸಾಕ ಬಿಡ್ರಿ ಅತ್ತಿ" ಎಂದು ಮಗಳನ್ನು ಎಳೆದು ಬದಿಗೆ ನಿಲ್ಲಿಸಿಕೊಂಡಳು. "ಕಸ್ತೂರಿ, ನೀನೂ ಲಗೂನ ಮನಿಗೆ ಹೋಗವಾ. ನಿಮ್ಮವ್ವಗ ಅಷ್ಟ ಹೇಳು."

ಕಸ್ತೂರಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಆರತಿ ಮಾಡಿದರು. ಹೊರಗಿನಿಂದ ಕರೆದದ್ದು ದಾಕ್ಷಿಯನ್ನು ಮಾತ್ರ.

ನಾನು ಅಲ್ಲೇ ಉಳಿದೆ. ಹರಿದು ಹೋದ ಸ್ಕರ್ಟು ವಾಪಸು ಹೋಗುವುದು ಹೇಗೆ? ಈಗ ನನ್ನನ್ನು ನಾಲ್ಕು ತುಂಡು ಮಾಡಿ ಅಡುಗೆಮನೆಯಲ್ಲಿ ಇಟ್ಟಿದ್ದಾರೆ. ರೊಟ್ಟಿಯ ಹಂಚು ಇಳಿಸುವುದು, ಒಲೆಯ ಮಸಿ ಒರೆಸುವುದು ನನ್ನ ಕೆಲಸ. ಒಂಬತ್ತನೇ ಇಯತ್ತೆಯ ಇಬ್ಬರು ಹುಡುಗಿಯರು ಸಂಜೆ ಇಲ್ಲೇ ಕೂತು ಚಿಗಳಿ ಕುಟ್ಟುತ್ತಾರೆ, ಬೆರಳು ನನಗೇ ಒರೆಸುತ್ತಾರೆ. ಇಷ್ಟು ದೊಡ್ಡವರಾದರೂ ಬುದ್ಧಿ ಬಂದಿಲ್ಲ.

ನೀಲಕ್ಕ ಓಣಿಗೆ ಹೊಸ ಸೊಸೆ ಬಂದಾಗಲೆಲ್ಲ ದಾಕ್ಷಿ ಚಡ್ಡಿಯಲ್ಲಿ ಬಂದ ಕತೆಯನ್ನು ಹೇಳುತ್ತಾಳೆ, ಪ್ರತಿ ಸಲವೂ ಚಡ್ಡಿ ಒಂದು ಗೇಣು ಗಿಡ್ಡವಾಗುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ನಡೆದು ಹೋದವಳ ಕತೆ ಅವಳಿಗೆ ಇಂದಿಗೂ ಗೊತ್ತಿಲ್ಲ. ದಾಕ್ಷಿ ಖರೇ ಯಾವಾಗ ದೊಡ್ಡಾಕಿ ಆದಳು ಎಂದು ನೀವೂ ನನ್ನನ್ನು ಕೇಳಬೇಡಿ. ನಾನು ನೀಲಕ್ಕ ಅಲ್ಲ.